ಊರವರ ಕಂಪ್ಯೂಟರಿನಲ್ಲಿ ನನ್ನ ಲಿನಕ್ಸ್

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಮದುವೆಯ ಕರೆಯೋಲೆ, ಬ್ರಹ್ಮಕಲಶೋತ್ಸವದ ಆಮಂತ್ರಣ, ಯಕ್ಷಗಾನದ ಕರಪತ್ರ, ಪಂಚಾಯತಿಗೆ ಕೊಡುವ ಅರ್ಜಿ ಎಲ್ಲವನ್ನೂ ಕನ್ನಡದಲ್ಲೂ ಮಲಯಾಳಂನಲ್ಲೂ ಟೈಪು ಮಾಡಿಕೊಡುತ್ತೇನೆ. ಕೆಲಸ ಅಂಗಡಿಯೊಳಗೇ ಮುಗಿಯುವುದಿಲ್ಲ. ಕೊನೆಯ ಪ್ರೂಫ್ ತಿದ್ದುವುದು ಕುಂಬಳೆಯ ಮುದ್ರಣಾಲಯದ ಕಂಪ್ಯೂಟರಿನ ಮುಂದೆ. ರಾತ್ರಿ ಉಳಿದದ್ದು ಮನೆಯ ಲ್ಯಾಪ್‌ಟಾಪಿನಲ್ಲಿ. ಜಾತ್ರೆ ಹತ್ತಿರ ಬಂದರೆ ದೇವಸ್ಥಾನದ ಕಚೇರಿಯಲ್ಲೇ ಕುಳಿತು ಮಾಡಿಕೊಡಬೇಕು. ಪ್ರತಿ ಕಡೆಯೂ ಕೀಲಿಮಣೆಯ ವಿನ್ಯಾಸ ಬೇರೆ, ಫಾಂಟ್ ಬೇರೆ, ಆಫೀಸ್ ತಂತ್ರಾಂಶದ ಆವೃತ್ತಿ ಬೇರೆ. ಅಂಗಡಿಯಲ್ಲಿ ಚೆನ್ನಾಗಿ ಕಂಡ ಒತ್ತಕ್ಷರ ಕುಂಬಳೆ ಮುಟ್ಟುವಾಗ ಚೌಕಗಳಾಗಿರುತ್ತದೆ.

ಇದಕ್ಕೆ ನಾನು ಹಿಡಿದ ದಾರಿ, ವಿಂಡೋಸಿನ ಬದಲು ಬಳಸಬಹುದಾದ ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಅನ್ನು ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಪೂರ್ತಿಯಾಗಿ ಇನ್‌ಸ್ಟಾಲ್ ಮಾಡಿ ಕೈಚೀಲದಲ್ಲಿ ಇಟ್ಟುಕೊಳ್ಳುವುದು. ಹೋದಲ್ಲಿ ಪರದೆ, ಪ್ರೊಸೆಸರ್, ಕೀಲಿಮಣೆ ಅವರದು. ಅದರೊಳಗೆ ಓಡುವುದೆಲ್ಲ ನನ್ನದು. ಇದನ್ನು ಮಾಡುವ ಕ್ರಮವನ್ನು ಕೇಳುವವರು ಇತ್ತೀಚೆಗೆ ಹೆಚ್ಚಾಗಿರುವುದರಿಂದ ಒಂದೇ ಸಲ ಬರೆದುಬಿಡುತ್ತೇನೆ.

ಮೊದಲೇ ಒಂದು ಷರತ್ತು ಹೇಳುತ್ತೇನೆ. ಡಿಸ್ಕಿನಿಂದ ಲಿನಕ್ಸ್ ಓಡಿದರೆ ಅರ್ಧ ಕೆಲಸವಷ್ಟೇ ಆಯಿತು. ನಾನು ಎದ್ದು ಹೋದ ಮೇಲೆ ಆ ಕಂಪ್ಯೂಟರ್ ನಾನು ಬರುವ ಮೊದಲು ಇದ್ದಂತೆಯೇ ಇರಬೇಕು. ಅದರ ಬೂಟ್ ಪಟ್ಟಿಗೆ (ಆನ್ ಮಾಡಿದಾಗ ಯಾವುದರಿಂದ ಶುರುವಾಗಬೇಕು ಎಂಬ ಪಟ್ಟಿಗೆ) ಏನೂ ಸೇರಬಾರದು, ಗಡಿಯಾರ ತಪ್ಪಬಾರದು, ವಿಂಡೋಸ್ ತೆರೆಯದೆ ಹೋಗಬಾರದು. ಡಿಸ್ಕಿನಿಂದ ಬೂಟ್ ಆದ ಕೂಡಲೇ ಕೆಲಸ ಮುಗಿಯಿತು ಎನ್ನುವವರು ತಮ್ಮ ಸ್ವಂತ ಯಂತ್ರದ ಮುಂದೆ ಮಾತ್ರ ಕೂರುವವರಿರಬೇಕು. ಇನ್ನೊಬ್ಬರ ಯಂತ್ರವನ್ನು ಮುಟ್ಟುವವರಿಗೆ ಉಳಿದ ಅರ್ಧವೇ ದೊಡ್ಡದು.

ನಮ್ಮ ಕಡೆ ಲಿನಕ್ಸ್ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ ಎಂಬುದೊಂದು ಅನುಕೂಲ. ಕೇರಳದ ಶಾಲೆಗಳಲ್ಲಿ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಶುರುವಾಯಿತು. 2017ರಲ್ಲಿ ಅದೇ ಕೈಟ್ ಎಂಬ ಸಂಸ್ಥೆಯಾಯಿತು. ಉಬುಂಟು ಎಂಬ ಲಿನಕ್ಸಿನ ಮೇಲೆ ಕಟ್ಟಿದ ವ್ಯವಸ್ಥೆ ಶಾಲೆಯ ಲ್ಯಾಬುಗಳಲ್ಲಿ ಓಡುತ್ತದೆ. ಕನ್ನಡ ಮಾಧ್ಯಮದಲ್ಲಿ ಓದುವ ನನ್ನ ಮಗಳು ಇಂಕ್‌ಸ್ಕೇಪ್‌ನಲ್ಲಿ ಚಿತ್ರ ಬರೆಯುವುದನ್ನೂ ಜಿಯೋಜೀಬ್ರಾದಲ್ಲಿ ತ್ರಿಕೋನ ಎಳೆಯುವುದನ್ನೂ ಶಾಲೆಯಲ್ಲೇ ಕಲಿತಳು. ಮನೆಗೆ ಬಂದರೆ ಲ್ಯಾಪ್‌ಟಾಪಿನಲ್ಲಿರುವುದು ವಿಂಡೋಸ್. ಈಗ ಅವಳ ಮನೆಪಾಠವೂ ನನ್ನ ಡಿಸ್ಕಿನಲ್ಲೇ ನಡೆಯುತ್ತದೆ. ಅವಳಿಗೆ ಪ್ರತ್ಯೇಕ ಯೂಸರ್ ಖಾತೆ ಮಾಡಿಕೊಟ್ಟಿದ್ದೇನೆ.

ಯಾವ ಡಿಸ್ಕ್

ಪೆನ್‌ಡ್ರೈವಿನಿಂದ ‘ಲೈವ್’ ಆಗಿ, ಎಂದರೆ ಇನ್‌ಸ್ಟಾಲ್ ಮಾಡದೆ ನೇರವಾಗಿ, ಲಿನಕ್ಸ್ ಓಡಿಸುವುದು ಬೇರೆ, ಇದು ಬೇರೆ. ಲೈವ್ ವ್ಯವಸ್ಥೆಯಲ್ಲಿ ಮಾಡಿದ ಬದಲಾವಣೆಗಳು ಯಂತ್ರ ಆಫ್ ಆದಾಗ ಅಳಿಸಿಹೋಗುತ್ತವೆ. ಅವನ್ನು ಉಳಿಸಿಕೊಳ್ಳುವ ಏರ್ಪಾಡೂ ಉಂಟು, ಆದರೆ ವ್ಯವಸ್ಥೆಯ ಅಪ್‌ಡೇಟ್‌ಗಳು ಅದರ ಮೇಲೆ ಸರಿಯಾಗಿ ಕೂರುವುದಿಲ್ಲ. ದಿನವೂ ಕೆಲಸ ಮಾಡುವವರಿಗೆ ಪೂರ್ಣ ಇನ್‌ಸ್ಟಾಲೇಶನ್ನೇ ಸರಿ. ಪೆನ್‌ಡ್ರೈವ್ ಬೇಕಾಗುವುದು ಇನ್‌ಸ್ಟಾಲ್ ಮಾಡುವ ದಿನ ಮಾತ್ರ.

ಮನೆಯಲ್ಲಿ ಹಳೆಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇದ್ದರೆ ಅದರಲ್ಲೇ ಶುರುಮಾಡಬಹುದು. ನಿಮಿಷಕ್ಕೆ 5400 ಸುತ್ತು ತಿರುಗುವ ಡಿಸ್ಕ್ ಒಂದೇ ದೊಡ್ಡ ಕಡತವನ್ನು ಸೆಕೆಂಡಿಗೆ ಸುಮಾರು 100 ಎಂಬಿ ವೇಗದಲ್ಲಿ ಓದುತ್ತದೆ. ಆದರೆ ಆಪರೇಟಿಂಗ್ ಸಿಸ್ಟಂ ಓದುವುದು ಅಲ್ಲಿ ಇಲ್ಲಿ ಚದುರಿದ ಸಾವಿರಾರು ಸಣ್ಣ ಕಡತಗಳನ್ನು. ಅಲ್ಲಿ ಅದು ತೆವಳುತ್ತದೆ. ಫೈರ್‌ಫಾಕ್ಸ್ ತೆರೆಯುವಷ್ಟರಲ್ಲಿ ಗಿರಾಕಿಗೆ ಒಂದು ಚಹಾ ತರಿಸಬಹುದು. ತಾಳ್ಮೆ ಇದ್ದವರಿಗೆ ಸಾಕು. ನಾನು ಕೊನೆಗೆ ಮಂಗಳೂರಿನಿಂದ 500 ಜಿಬಿಯ ಒಂದು ಸಾಟಾ ಎಸ್‌ಎಸ್‌ಡಿಯನ್ನೂ ಅದಕ್ಕೊಂದು ಯುಎಸ್‌ಬಿ ಕೇಸನ್ನೂ ತಂದೆ. ಯುಎಸ್‌ಬಿ 3.0 ಪೋರ್ಟಿನಲ್ಲಿ ಅದು ಸೆಕೆಂಡಿಗೆ 400 ಎಂಬಿ ದಾಟುತ್ತದೆ. ಒಳಗಿನ ಡಿಸ್ಕಿಗೂ ಇದಕ್ಕೂ ವ್ಯತ್ಯಾಸವೇ ತಿಳಿಯುವುದಿಲ್ಲ. ಅಲುಗಾಡುವ ಭಾಗ ಇಲ್ಲದ್ದರಿಂದ ಬದಿಯಡ್ಕ–ಕುಂಬಳೆ ಬಸ್ಸಿನ ಕುಲುಕಾಟಕ್ಕೂ ಹೆದರಬೇಕಿಲ್ಲ.

ಎಷ್ಟೇ ಒಳ್ಳೆಯ ಡಿಸ್ಕನ್ನು ತಂದರೂ ಯುಎಸ್‌ಬಿ 2.0 ಪೋರ್ಟಿಗೆ ಚುಚ್ಚಿದರೆ ಅದು ಸೆಕೆಂಡಿಗೆ 30–40 ಎಂಬಿಗೆ ಇಳಿಯುತ್ತದೆ. 3.0 ಪೋರ್ಟಿನ ಒಳಗೆ ಸಾಮಾನ್ಯವಾಗಿ ನೀಲಿ ಬಣ್ಣ ಇರುತ್ತದೆ. ವಿದ್ಯುತ್ತಿನ ಲೆಕ್ಕವೂ ಇದೆ: 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್, 3.0 ಕೊಡಬೇಕಾದದ್ದು 900. ತಿರುಗುವ ಡಿಸ್ಕಿಗೆ ಶುರುವಾಗುವಾಗ ಹೆಚ್ಚು ಬೇಕು. ಹಳೆಯ ಡೆಸ್ಕ್‌ಟಾಪಿನ ಮುಂಭಾಗದ ಪೋರ್ಟಿನಲ್ಲಿ ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡುತ್ತ ಮತ್ತೆ ಮತ್ತೆ ನಿಂತರೆ ಡಿಸ್ಕನ್ನು ಬೈಯಬೇಡಿ. ಹಿಂಭಾಗದ, ಮದರ್‌ಬೋರ್ಡಿಗೇ ನೇರವಾಗಿ ಸೇರಿದ ಪೋರ್ಟಿಗೆ ಹಾಕಿ ನೋಡಿ. ಉದ್ದನೆಯ ಅಗ್ಗದ ಕೇಬಲ್ ಬೇಡವೇ ಬೇಡ. ಕೇಸಿನೊಳಗಿನ ಚಿಪ್ ಲಿನಕ್ಸಿನೊಂದಿಗೆ ಜಗಳವಾಡಿ ಕೆಲಸದ ಮಧ್ಯೆ ಡಿಸ್ಕ್ ಸಂಪರ್ಕ ಕಳೆದುಕೊಳ್ಳುವುದೂ ಉಂಟು. ಕರ್ನೆಲಿಗೆ, ಎಂದರೆ ಲಿನಕ್ಸಿನ ತಿರುಳಿಗೆ, ಸೂಚನೆ ಕೊಟ್ಟು ಸರಿಪಡಿಸುವ ಉಪಾಯಗಳಿವೆ, ಆದರೆ ನನ್ನ ಅಭಿಪ್ರಾಯದಲ್ಲಿ ಕೇಸನ್ನೇ ಬದಲಿಸುವುದು ಸುಲಭ.

ಇನ್‌ಸ್ಟಾಲ್ ಮಾಡುವ ದಿನ

ನಾನು ಬಳಸುವುದು ಲಿನಕ್ಸ್ ಮಿಂಟ್ 22ರ ಸರಣಿ, ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. ಇದು ಉಬುಂಟು 24.04ರ ಮೇಲೆ ನಿಂತಿದೆ, 2029ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಎಕ್ಸ್‌ಎಫ್‌ಸಿಇ ಏಕೆಂದರೆ ಎದುರಾಗುವ ಯಂತ್ರದಲ್ಲಿ 4 ಜಿಬಿ ರ‍್ಯಾಮ್ ಮಾತ್ರ ಇದ್ದರೂ ಅದು ಸಂಭಾಳಿಸುತ್ತದೆ. ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳಬೇಕಾದ ಐಎಸ್ಒ ಕಡತ 3 ಜಿಬಿಯ ಆಸುಪಾಸು. ಇಳಿಸಿಕೊಂಡ ಮೇಲೆ ಮಿಂಟಿನ ತಾಣದಲ್ಲಿ ಕೊಟ್ಟಿರುವ ಎಸ್‌ಎಚ್‌ಎ256 ಮೊತ್ತದೊಂದಿಗೆ, ಎಂದರೆ ಕಡತದ ಗುರುತಿನ ಸಂಕೇತದೊಂದಿಗೆ, ತಾಳೆ ನೋಡಿ. ನಮ್ಮ ಕಡೆಯ ಮಳೆಗಾಲದ ಇಂಟರ್ನೆಟ್ಟಿನಲ್ಲಿ ಅರ್ಧ ಇಳಿದ ಕಡತ ಪೂರ್ತಿ ಇಳಿದಂತೆ ನಟಿಸುವುದು ಹೊಸತಲ್ಲ. ಆಮೇಲೆ ರೂಫಸ್ ಅಥವಾ ಎಚರ್ ಎಂಬ ತಂತ್ರಾಂಶ ಬಳಸಿ 8 ಜಿಬಿಯ ಪೆನ್‌ಡ್ರೈವಿಗೆ ಬರೆಯಿರಿ. ಇಷ್ಟು ಎಲ್ಲರಿಗೂ ಗೊತ್ತಿರುವುದೇ.

ಇನ್ನು ಮುಂದಿನದನ್ನು ನಿಧಾನವಾಗಿ ಓದಿ.

ಪೆರ್ಲದ ನಮ್ಮ ಸಂಬಂಧಿಕ ಹುಡುಗನೊಬ್ಬ ತನ್ನ ಲ್ಯಾಪ್‌ಟಾಪಿಗೆ ಎಕ್ಸ್‌ಟರ್ನಲ್ ಡಿಸ್ಕ್ ಹಾಕಿ ಇದನ್ನೇ ಮಾಡಿದ. ಇನ್‌ಸ್ಟಾಲರಿನಲ್ಲಿ ಬೂಟ್‌ಲೋಡರ್ (ಆಪರೇಟಿಂಗ್ ಸಿಸ್ಟಂ ಅನ್ನು ಎಬ್ಬಿಸುವ ಸಣ್ಣ ತಂತ್ರಾಂಶ) ಎಲ್ಲಿ ಹಾಕಬೇಕು ಎಂಬ ಪ್ರಶ್ನೆಗೆ ಎಕ್ಸ್‌ಟರ್ನಲ್ ಡಿಸ್ಕನ್ನೇ ಆರಿಸಿದ್ದ. ಆದರೂ ಡಿಸ್ಕನ್ನು ಅಕ್ಕನ ಲ್ಯಾಪ್‌ಟಾಪಿಗೆ ಹಾಕಿದರೆ ಬೂಟ್ ಆಗಲಿಲ್ಲ. ತನ್ನದರಲ್ಲಿ ಡಿಸ್ಕ್ ಕಿತ್ತರೆ ವಿಂಡೋಸಿನ ಬದಲು ಕಪ್ಪು ಪರದೆಯ ಮೇಲೆ ಗ್ರಬ್ ಎಂಬ ಒಂದು ಪದ, ಲಿನಕ್ಸಿನ ಬೂಟ್‌ಲೋಡರಿನ ಹೆಸರು. “ಅಕ್ಕಾ, ನಾನು ಸರಿಯಾಗಿಯೇ ಕ್ಲಿಕ್ ಮಾಡಿದ್ದೇನೆ” ಎಂದು ನನಗೆ ಫೋನಿನಲ್ಲಿ ಅಳುವ ದನಿಯಲ್ಲಿ ಹೇಳಿದ. ಅವನು ಹೇಳಿದ್ದು ನಿಜವೇ. ಯುಇಎಫ್‌ಐ ಎಂಬ ಫರ್ಮ್‌ವೇರ್ (ಮದರ್‌ಬೋರ್ಡಿನಲ್ಲೇ ಇದ್ದು ಕಂಪ್ಯೂಟರನ್ನು ಶುರುಮಾಡುವ ತಂತ್ರಾಂಶ) ಇರುವ ಯಂತ್ರಗಳಲ್ಲಿ ಬೂಟ್‌ಲೋಡರ್ ಕೂರುವುದು ‘ಇಎಫ್‌ಐ ಸಿಸ್ಟಂ ಪಾರ್ಟಿಶನ್’ ಎಂಬ, ಡಿಸ್ಕಿನ ಒಂದು ಸಣ್ಣ ಭಾಗದಲ್ಲಿ. ಉಬುಂಟುವಿನಿಂದ ಮಿಂಟಿಗೆ ಬಂದ ಯುಬಿಕ್ವಿಟಿ ಎಂಬ ಇನ್‌ಸ್ಟಾಲರಿಗೆ ಹಳೆಯ ಕೆಟ್ಟ ಅಭ್ಯಾಸವೊಂದಿದೆ: ನೀವು ಯಾವ ಡಿಸ್ಕನ್ನು ಆರಿಸಿದರೂ, ಅದು ತನಗೆ ಮೊದಲು ಕಂಡ ಇಎಫ್‌ಐ ಪಾರ್ಟಿಶನ್ನಿಗೆ, ಎಂದರೆ ಸಾಮಾನ್ಯವಾಗಿ ಲ್ಯಾಪ್‌ಟಾಪಿನ ಒಳಗಿನದ್ದಕ್ಕೆ, ಬೂಟ್‌ಲೋಡರನ್ನು ಬರೆದುಬಿಡುತ್ತದೆ. ಹೀಗಾಗಿ ಮನೆ ಒಂದು ಕಡೆ, ಬೀಗದ ಕೈ ಇನ್ನೊಂದು ಕಡೆ.

ಆದ್ದರಿಂದ ಇನ್‌ಸ್ಟಾಲರಿನ ಕಣ್ಣಿಗೆ ಒಳಗಿನ ಡಿಸ್ಕ್ ಬೀಳದಂತೆ ಮಾಡಿ. ಡೆಸ್ಕ್‌ಟಾಪ್ ಆದರೆ ಪವರ್ ತೆಗೆದು, ಕ್ಯಾಬಿನೆಟ್ ಬಿಚ್ಚಿ, ಹಾರ್ಡ್ ಡಿಸ್ಕಿನ ಸಾಟಾ ಕೇಬಲನ್ನು ಎಳೆದಿಡಿ. ನಾನು ಅಂಗಡಿಯ ಡೆಸ್ಕ್‌ಟಾಪಿನಲ್ಲಿ ಹೀಗೆಯೇ ಮಾಡುತ್ತೇನೆ. ಇದಕ್ಕಿಂತ ನಿಶ್ಚಿಂತೆಯ ದಾರಿ ಇನ್ನೊಂದಿಲ್ಲ. ಕೆಲವು ಲ್ಯಾಪ್‌ಟಾಪುಗಳ ಬಯೋಸ್ (ಫರ್ಮ್‌ವೇರ್) ಸೆಟ್ಟಿಂಗಿನಲ್ಲಿ ಒಳಗಿನ ಡಿಸ್ಕನ್ನು ತಾತ್ಕಾಲಿಕವಾಗಿ ನಿಷ್ಕ್ರಿಯಗೊಳಿಸುವ ಆಯ್ಕೆ ಇರುತ್ತದೆ. ಎರಡೂ ಆಗದಿದ್ದರೆ ಲೈವ್ ಮಿಂಟಿನೊಳಗೆ ಡಿಸ್ಕಿನ ಭಾಗಗಳನ್ನು ತಿದ್ದುವ ಜಿಪಾರ್ಟೆಡ್ ತೆರೆದು, ಒಳಗಿನ ಇಎಫ್‌ಐ ಪಾರ್ಟಿಶನ್ನಿನ ‘ಬೂಟ್’ ಮತ್ತು ‘ಇಎಸ್‌ಪಿ’ ಎಂಬ ಗುರುತುಗಳನ್ನು ತೆಗೆದು, ಇನ್‌ಸ್ಟಾಲ್ ಮುಗಿದ ಮೇಲೆ ಮರೆಯದೆ ತಿರುಗಿ ಹಾಕಬೇಕು. ಮರೆತರೆ ವಿಂಡೋಸ್ ಬೂಟ್ ಆಗದಿರಬಹುದು. ಈ ಮೂರನೆಯದನ್ನು ನಿಮ್ಮ ಸ್ವಂತ ಯಂತ್ರದಲ್ಲಿ ಮಾಡಿ, ಇನ್ನೊಬ್ಬರದ್ದರಲ್ಲಿ ಖಂಡಿತ ಬೇಡ.

ಪೆನ್‌ಡ್ರೈವನ್ನು ಬೂಟ್ ಮಾಡುವಾಗ ಬೂಟ್ ಮೆನುವಿನಲ್ಲಿ ಅದರ ಹೆಸರಿನ ಮುಂದೆ ‘ಯುಇಎಫ್‌ಐ’ ಎಂದು ಇರುವುದನ್ನೇ ಆರಿಸಿ. ಇನ್‌ಸ್ಟಾಲರ್ ಬಂದ ಮೇಲೆ, ಡಿಸ್ಕನ್ನು ಪೂರ್ತಿ ಲಿನಕ್ಸಿಗೇ ಬಿಡುವುದಾದರೆ ‘ಡಿಸ್ಕ್ ಅಳಿಸಿ ಇನ್‌ಸ್ಟಾಲ್ ಮಾಡು’ ಎಂಬುದನ್ನು ಒತ್ತಿದರೆ ಸಾಕು. ನಾನು ‘ಬೇರೆ ಏನಾದರೂ’ ಎಂಬ ಆಯ್ಕೆಗೆ ಹೋಗಿ ಕೈಯಾರೆ ಹಂಚುತ್ತೇನೆ. ಮೊದಲು ಹೊಸ ಜಿಪಿಟಿ ಪಾರ್ಟಿಶನ್ ಟೇಬಲ್, ಎಂದರೆ ಡಿಸ್ಕಿನ ಭಾಗಗಳ ಪಟ್ಟಿ. ಅದರಲ್ಲಿ 512 ಎಂಬಿ ಇಎಫ್‌ಐ ಪಾರ್ಟಿಶನ್, 60 ಜಿಬಿ ಎಕ್ಸ್‌ಟಿ4 (ಲಿನಕ್ಸಿನ ಕಡತ ವ್ಯವಸ್ಥೆ) ರೂಟ್‌ಗೆ, ಎಂದರೆ ಆಪರೇಟಿಂಗ್ ಸಿಸ್ಟಮ್ಮಿಗೆ; 250 ಜಿಬಿ ಎಕ್ಸ್‌ಟಿ4 ಹೋಮ್‌ಗೆ, ಎಂದರೆ ನಮ್ಮ ಕಡತಗಳಿಗೆ. ಮಿಕ್ಕದ್ದನ್ನು ಖಾಲಿ ಬಿಟ್ಟು, ಆಮೇಲೆ ಎಕ್ಸ್‌ಫ್ಯಾಟ್ ಮಾಡುತ್ತೇನೆ. ಮುದ್ರಣಾಲಯದವರ ವಿಂಡೋಸಿಗೆ ಕಡತ ಕೊಡಲು ಆ ಜಾಗ ಬೇಕು. ಹೋಮನ್ನು ಪ್ರತ್ಯೇಕ ಇಟ್ಟರೆ ಮುಂದೆ ಮಿಂಟನ್ನು ಹೊಸದಾಗಿ ಹಾಕುವಾಗ ಕಡತಗಳು ಉಳಿಯುತ್ತವೆ.

ಹೆಸರು, ಪಾಸ್‌ವರ್ಡ್ ಕೇಳುವ ಪುಟದಲ್ಲಿ ಹೋಮ್ ಫೋಲ್ಡರನ್ನು ಎನ್‌ಕ್ರಿಪ್ಟ್ ಮಾಡುವ ಒಂದು ಆಯ್ಕೆ ಇದೆ. ಅದಕ್ಕೆ ಗುರುತು ಹಾಕಿ. ನನ್ನ ಡಿಸ್ಕಿನಲ್ಲಿ ಗಿರಾಕಿಗಳ ಆಧಾರ್ ಪ್ರತಿ, ರೇಷನ್ ಕಾರ್ಡಿನ ವಿವರ, ಜಾತಕ ಎಲ್ಲವೂ ಇರುತ್ತದೆ. ಬಸ್ಸಿನ ಸೀಟಿನ ಮೇಲೆ ಉಳಿದುಹೋಗಬಲ್ಲ ವಸ್ತುವಿನಲ್ಲಿ ಅವನ್ನು ತೆರೆದಿಡುವುದು ಸರಿಯಲ್ಲ. ಪಾಸ್‌ವರ್ಡ್ ಮರೆತರೆ ನಿಮಗೂ ಸಿಗುವುದಿಲ್ಲ ಎಂಬುದನ್ನು ಮಾತ್ರ ನೆನಪಿಡಿ.

ಗುರುತು ಉಳಿಸದಿರಲು

ಯಾವ ಕಂಪ್ಯೂಟರಿಗೂ ಮೊದಲೇ ಪರಿಚಯವಿಲ್ಲದ ಡಿಸ್ಕ್ ಬೂಟ್ ಆಗುವುದು ಹೇಗೆ? ಯುಇಎಫ್‌ಐ ನಿಯಮದ ಪ್ರಕಾರ, ತನ್ನ ಪಟ್ಟಿಯಲ್ಲಿ ಇಲ್ಲದ ಡಿಸ್ಕ್ ಬಂದಾಗ ಫರ್ಮ್‌ವೇರ್ ಅದರ ಇಎಫ್‌ಐ ಪಾರ್ಟಿಶನ್ನಿನಲ್ಲಿ ‘ಇಎಫ್‌ಐ’ ಫೋಲ್ಡರಿನ ಒಳಗೆ ‘ಬೂಟ್’ ಫೋಲ್ಡರ್, ಅದರೊಳಗೆ ‘ಬೂಟ್‌ಎಕ್ಸ್64’ ಎಂಬ ಕಡತ ಇದೆಯೇ ಎಂದು ಹುಡುಕುತ್ತದೆ. ಉಬುಂಟು ಬಳಗದ ಇನ್‌ಸ್ಟಾಲೇಶನ್‌ಗಳಲ್ಲಿ ಇದು ಸಾಮಾನ್ಯವಾಗಿ ತಾನಾಗಿಯೇ ಇರುತ್ತದೆ. ಡೆಬಿಯನ್ ಎಂಬ ಇನ್ನೊಂದು ಲಿನಕ್ಸಿನಲ್ಲಿ ಹಾಗಲ್ಲ; ಅಲ್ಲಿ ಗ್ರಬ್-ಇನ್‌ಸ್ಟಾಲ್ ಆದೇಶಕ್ಕೆ ‘ರಿಮೂವಬಲ್’ ಎಂಬ ಆಯ್ಕೆ ಕೊಟ್ಟು ಅದನ್ನು ಬರೆಸಬೇಕು.

ಈಗ ಯಾರೂ ಹೇಳದ ಒಂದು ವಿಷಯ. ಅದೇ ‘ಬೂಟ್’ ಫೋಲ್ಡರಿನಲ್ಲಿ ‘ಎಫ್‌ಬಿಎಕ್ಸ್64’ ಎಂಬ ಇನ್ನೊಂದು ಕಡತ ಇರುತ್ತದೆ. ಹೊಸ ಯಂತ್ರದಲ್ಲಿ ಡಿಸ್ಕ್ ಮೊದಲ ಸಲ ಬೂಟ್ ಆಗುವಾಗ ಇದು ಆ ಯಂತ್ರದ ಫರ್ಮ್‌ವೇರಿನ ಬೂಟ್ ಪಟ್ಟಿಗೆ ‘ಉಬುಂಟು’ ಎಂಬ ಹೊಸ ಹೆಸರನ್ನು ಸೇರಿಸಿಬಿಡುತ್ತದೆ. ನಿಮ್ಮ ಡಿಸ್ಕ್ ಹೋದ ಮೇಲೂ ಆ ಹೆಸರು ಅಲ್ಲೇ ಉಳಿಯಬಹುದು. ಒಳ್ಳೆಯ ಉದ್ದೇಶದ ಕಡತವೇ, ಆದರೆ ಅದನ್ನು ಬರೆದವರು ಒಳಗಿನ ಡಿಸ್ಕನ್ನು ಮನಸ್ಸಿನಲ್ಲಿಟ್ಟು ಬರೆದಿದ್ದಾರೆ. ಊರೂರು ತಿರುಗುವ ಡಿಸ್ಕಿಗೆ ಅದು ಬೇಡ. ಫೈಲ್ ಮ್ಯಾನೇಜರನ್ನು ರೂಟ್ (ಅಡ್ಮಿನ್) ಅಧಿಕಾರದಲ್ಲಿ ತೆರೆದು, ‘ಉಬುಂಟು’ ಫೋಲ್ಡರಿನಲ್ಲಿರುವ ‘ಗ್ರಬ್‌ಎಕ್ಸ್64’ ಕಡತದ ಒಂದು ಪ್ರತಿಯನ್ನು ‘ಬೂಟ್’ ಫೋಲ್ಡರಿಗೆ ಹಾಕಿ. ಮಿಂಟಿನಲ್ಲೂ ಫೋಲ್ಡರಿನ ಹೆಸರು ‘ಉಬುಂಟು’ ಎಂದೇ ಇರುತ್ತದೆ, ಗಾಬರಿಯಾಗಬೇಡಿ. ಆಮೇಲೆ ‘ಎಫ್‌ಬಿಎಕ್ಸ್64’ರ ಹೆಸರು ಬದಲಿಸಿಡಿ. ಕ್ರಮ ಮುಖ್ಯ: ಪ್ರತಿ ಹಾಕದೆ ಹೆಸರು ಮಾತ್ರ ಬದಲಿಸಿದರೆ ಬೂಟ್ ಅರ್ಧಕ್ಕೇ ನಿಲ್ಲುತ್ತದೆ. ಬೂಟ್‌ಲೋಡರಿಗೆ ಅಪ್‌ಡೇಟ್ ಬಂದಾಗ ಆ ಕಡತ ಮತ್ತೆ ಹುಟ್ಟಿಕೊಳ್ಳಬಹುದು, ಆಗಾಗ ನೋಡುತ್ತಿರಿ. ಅಪ್‌ಡೇಟ್‌ಗಳನ್ನು ನಿಮ್ಮದೇ ಯಂತ್ರದಲ್ಲಿ ಕುಳಿತಾಗ ಮಾತ್ರ ಹಾಕಿ. ಗ್ರಬ್ ತನ್ನನ್ನು ತಾನು ಹೊಸದಾಗಿ ಬರೆದುಕೊಳ್ಳುವಾಗ ಎದುರಿಗಿರುವ ಯಂತ್ರದ ಬೂಟ್ ಪಟ್ಟಿಯನ್ನೂ ಮುಟ್ಟುತ್ತದೆ.

ಎರಡನೆಯ ಗುರುತು ಗಡಿಯಾರದ್ದು. ಕಂಪ್ಯೂಟರಿನ ಮದರ್‌ಬೋರ್ಡಿನಲ್ಲಿರುವ ಗಡಿಯಾರವನ್ನು ವಿಂಡೋಸ್ ನಮ್ಮ ಸ್ಥಳೀಯ ಸಮಯವೆಂದು ಓದುತ್ತದೆ. ಲಿನಕ್ಸ್ ಅದನ್ನು ಜಾಗತಿಕ ಸಮಯವೆಂದು ತಿಳಿದು, ಇಂಟರ್ನೆಟ್ ಸಿಕ್ಕಿದ ಕೂಡಲೇ ಹಾಗೆಯೇ ತಿದ್ದಿಡುತ್ತದೆ. ನೀವು ಎದ್ದು ಹೋದ ಮೇಲೆ ಅವರ ವಿಂಡೋಸ್ ಐದೂವರೆ ಗಂಟೆ ಹಿಂದೆ ಇರುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಕೊಟ್ಟ ಬಿಲ್ಲಿನ ಮೇಲೆ ಬೆಳಗ್ಗೆ ಆರೂವರೆ ಎಂದು ಅಚ್ಚಾದರೆ ಅಂಗಡಿಯವರು ಏನೆಂದುಕೊಳ್ಳಬೇಕು? ಟರ್ಮಿನಲ್ಲಿನಲ್ಲಿ ‘ಟೈಮ್‌ಡೇಟ್‌ಸಿಟಿಎಲ್’ ಆದೇಶದ ‘ಸೆಟ್-ಲೋಕಲ್-ಆರ್‌ಟಿಸಿ’ ಎಂಬುದಕ್ಕೆ 1 ಎಂಬ ಬೆಲೆ ಕೊಟ್ಟರೆ ಲಿನಕ್ಸ್ ಕೂಡ ಸ್ಥಳೀಯ ಸಮಯವನ್ನೇ ಒಪ್ಪಿಕೊಳ್ಳುತ್ತದೆ. ಇದು ಆದರ್ಶ ಕ್ರಮವಲ್ಲ ಎಂದು ಆ ಆದೇಶವೇ ಎಚ್ಚರಿಸುತ್ತದೆ. ಭಾರತದಲ್ಲಿ ಬೇಸಿಗೆ ಸಮಯ ಎಂಬ ತಂಟೆ ಇಲ್ಲದ್ದರಿಂದ ನಮಗೆ ತೊಂದರೆಯಿಲ್ಲ.

ಎನ್‌ವಿಡಿಯಾ ಗ್ರಾಫಿಕ್ಸಿನ ಯಂತ್ರ ಕಂಡರೆ ಅದರ ಸ್ವಂತ ಡ್ರೈವರನ್ನು ಡಿಸ್ಕಿಗೆ ಹಾಕಲು ಹೋಗಬೇಡಿ. ಒಂದು ಯಂತ್ರಕ್ಕೆ ಹಾಕಿದ್ದು ಇನ್ನೊಂದರಲ್ಲಿ ಕಪ್ಪು ಪರದೆ ತೋರಿಸಬಹುದು. ಕರ್ನೆಲಿನೊಂದಿಗೇ ಬರುವ ನೂವೋ ಡ್ರೈವರ್ ನಮ್ಮ ಟೈಪಿಂಗಿಗೆ ಧಾರಾಳ. ಒಳಗಿನ ವೈಫೈ, ಸೌಂಡ್, ಡಿಸ್‌ಪ್ಲೇಗಳಿಗೆ ಬೇಕಾದ ಬಹುಪಾಲು ಡ್ರೈವರುಗಳು ಕರ್ನೆಲಿನಲ್ಲೇ ಇರುವುದರಿಂದಲೇ ಒಂದೇ ಡಿಸ್ಕ್ ಬೇರೆ ಬೇರೆ ಯಂತ್ರಗಳಲ್ಲಿ ತಕರಾರಿಲ್ಲದೆ ಏಳುತ್ತದೆ. ಪಾರ್ಟಿಶನ್‌ಗಳನ್ನು ಯುಯುಐಡಿ ಎಂಬ ಶಾಶ್ವತ ಗುರುತಿನಿಂದ ಹುಡುಕುವುದೂ ಅದಕ್ಕೆ ಕಾರಣ. ಯಂತ್ರ ಬದಲಾದಾಗ ಡಿಸ್ಕಿನ ಕ್ರಮಾಂಕ ಬದಲಾದರೂ ಲಿನಕ್ಸ್ ದಾರಿ ತಪ್ಪುವುದಿಲ್ಲ.

ಪವರ್ ಸೆಟ್ಟಿಂಗಿನಲ್ಲಿ ‘ಸಸ್ಪೆಂಡ್’ ಅನ್ನು ನಿಲ್ಲಿಸಿ. ನಿದ್ದೆಯಿಂದ ಎದ್ದ ಯಂತ್ರ ಯುಎಸ್‌ಬಿ ಡಿಸ್ಕನ್ನು ಹೊಸ ಸಾಧನವೆಂದು ತಿಳಿದರೆ ಇಡೀ ವ್ಯವಸ್ಥೆ ಓದಲು ಮಾತ್ರ ಬರುವ ಸ್ಥಿತಿಗೆ ಜಾರುತ್ತದೆ, ಟೈಪು ಮಾಡಿದ್ದು ಉಳಿಯುವುದಿಲ್ಲ. ಕೆಲಸ ಮುಗಿದರೆ ಶಟ್‌ಡೌನ್ ಮಾಡಿ, ದೀಪ ಆರಿದ ಮೇಲೆ ಕೇಬಲ್ ತೆಗೆಯಿರಿ. ಆಟಿ ತಿಂಗಳ ಮಳೆಯಲ್ಲಿ ಕರೆಂಟು ಹೇಳದೆ ಕೇಳದೆ ಹೋಗುತ್ತದೆ. ಎಕ್ಸ್‌ಟಿ4ನ ಜರ್ನಲ್ ಕಡತ ವ್ಯವಸ್ಥೆಯನ್ನು ಹೆಚ್ಚಾಗಿ ಕಾಪಾಡುತ್ತದೆ, ಆದರೆ ಉಳಿಸದ ಪುಟವನ್ನು ಅದು ತಂದುಕೊಡುವುದಿಲ್ಲ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಗುಡುಗು ಕೇಳಿಸಿದರೆ ನಾನು ಡಿಸ್ಕ್ ತೆಗೆದುಕೊಂಡು ಲ್ಯಾಪ್‌ಟಾಪಿಗೆ ಹೋಗುತ್ತೇನೆ.

ಕನ್ನಡವೂ ಮಲಯಾಳಂ ಕೂಡ

ನನಗೆ ಈ ಎಲ್ಲ ಕಷ್ಟದ ಫಲ ಸಿಗುವುದು ಇಲ್ಲಿ. ತಂತ್ರಾಂಶಗಳನ್ನು ಹಾಕಿಕೊಳ್ಳುವ ಸಿನಾಪ್ಟಿಕ್ ಪ್ಯಾಕೇಜ್ ಮ್ಯಾನೇಜರಿನಲ್ಲಿ, ಬೇರೆ ಬೇರೆ ಲಿಪಿಗಳಲ್ಲಿ ಟೈಪು ಮಾಡಲು ನೆರವಾಗುವ ಐಬಸ್ ಮತ್ತು ಐಬಸ್-ಎಂ17ಎನ್ ಎಂಬೆರಡನ್ನು ಹಾಕಿಕೊಂಡು, ಮಿಂಟಿನ ಇನ್‌ಪುಟ್ ಮೆಥಡ್ ಸೆಟ್ಟಿಂಗಿನಲ್ಲಿ ಐಬಸ್ ಆರಿಸಿ, ಲಾಗ್‌ಔಟ್ ಆಗಿ ಬನ್ನಿ. ಕನ್ನಡಕ್ಕೆ ಅಲ್ಲಿ ಇನ್‌ಸ್ಕ್ರಿಪ್ಟ್, ಐಟ್ರಾನ್ಸ್, ಕೆಜಿಪಿ ಎಂಬ ಕೀಲಿ ವಿನ್ಯಾಸಗಳೆಲ್ಲ ಸಿಗುತ್ತವೆ. ‘ನುಡಿ’ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಕೆಜಿಪಿಯೇ ಬೇಕು. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು ಅದು. ಎಫ್ ಕೀಲಿ ಒತ್ತಿ ಒತ್ತಕ್ಷರ ಮಾಡುವ ಅಭ್ಯಾಸ ಹಾಗೆಯೇ ಮುಂದುವರಿಯುತ್ತದೆ. ಮಲಯಾಳಂಗೆ ನಾನು ಇನ್‌ಸ್ಕ್ರಿಪ್ಟ್ ಬಳಸುತ್ತೇನೆ. ಒಂದು ಕೀಲಿ ಜೋಡಿ ಒತ್ತಿದರೆ ಇಂಗ್ಲಿಷಿನಿಂದ ಕನ್ನಡ, ಕನ್ನಡದಿಂದ ಮಲಯಾಳಂ. ಯಾರ ಯಂತ್ರದಲ್ಲಿ ಕುಳಿತರೂ ಬೆರಳಿಗೆ ಹೊಸ ಪಾಠವಿಲ್ಲ.

ಫಾಂಟುಗಳಲ್ಲಿ ಲೋಹಿತ್ ಕನ್ನಡ, ಗುಬ್ಬಿ, ನವಿಲು, ನೋಟೋ ಇವೆಲ್ಲ ಪ್ಯಾಕೇಜುಗಳಾಗಿಯೇ ಸಿಗುತ್ತವೆ. ಮಲಯಾಳಂಗೆ ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಬಳಗದವರ ಮೀರ, ರಚನಾ, ಮಂಜರಿ ಇವೆ. ಕರೆಯೋಲೆಗೆ ಮಂಜರಿಯ ದುಂಡನೆಯ ಅಕ್ಷರ ಬಹಳ ಚೆಂದ. ಕನ್ನಡಕ್ಕೂ ಅಷ್ಟೇ ಅಕ್ಕರೆಯಿಂದ ಮಾಡಿದ ಮುಕ್ತ ಫಾಂಟುಗಳು ಇನ್ನಷ್ಟು ಬರಲಿ ಎಂದು ಆ ಅಕ್ಷರ ನೋಡುವಾಗಲೆಲ್ಲ ಅನ್ನಿಸುತ್ತದೆ. ಹಳೆಯ ಆಸ್ಕಿ ಫಾಂಟಿನಲ್ಲಿ ಮಾಡಿದ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ಒಮ್ಮೆ ಕಣ್ಣಾರೆ ಓದಿ. ಪರಿವರ್ತಕಗಳು ಅರ್ಕಾವೊತ್ತಿನಲ್ಲಿ ಎಡವುತ್ತವೆ.

ಪಠ್ಯಕ್ಕೆ ಲಿಬ್ರೆಆಫೀಸ್, ಆಮಂತ್ರಣದ ಚೌಕಟ್ಟು ಮತ್ತು ಚಿತ್ರಕ್ಕೆ ಇಂಕ್‌ಸ್ಕೇಪ್. ಮುದ್ರಣಾಲಯಕ್ಕೆ ಕೊಡುವುದು ಪಿಡಿಎಫ್ ಮಾತ್ರ. ಲಿಬ್ರೆಆಫೀಸ್ ಪಿಡಿಎಫ್ ಮಾಡುವಾಗ ಫಾಂಟನ್ನೂ ಒಳಗೇ ಸೇರಿಸುವುದರಿಂದ ಅವರ ಯಂತ್ರದಲ್ಲಿ ಯಾವ ಫಾಂಟ್ ಇದ್ದರೂ ಇಲ್ಲದಿದ್ದರೂ ಅಕ್ಷರ ಕದಲುವುದಿಲ್ಲ.

ಬೇರೆಯವರ ಯಂತ್ರದ ಮುಂದೆ

ಮೊದಲು ಕೇಳಿ. “ಅಣ್ಣಾ, ನನ್ನ ಡಿಸ್ಕಿನಿಂದ ಓಡಿಸುತ್ತೇನೆ, ನಿಮ್ಮದನ್ನು ಮುಟ್ಟುವುದಿಲ್ಲ” ಎಂದು ಹೇಳಿದರೆ ಬೇಡವೆಂದವರಿಲ್ಲ. ಸರಕಾರಿ ಕಚೇರಿಯ ಯಂತ್ರವಾದರೆ ಕೇಳುವುದೂ ಬೇಡ, ಬಿಟ್ಟುಬಿಡಿ.

ಬೂಟ್ ಮೆನುವಿನ ಕೀಲಿ ಕಂಪನಿಗೊಂದು: ಡೆಲ್, ಲೆನೊವೊಗಳಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9, ಆಸುಸ್ ಲ್ಯಾಪ್‌ಟಾಪುಗಳಲ್ಲಿ ಎಸ್ಕೇಪ್, ಏಸರ್‌ನಲ್ಲಿ ಎಫ್12, ಆದರೆ ಕೆಲವು ಮಾದರಿಗಳಲ್ಲಿ ಅದನ್ನು ಬಯೋಸಿನಲ್ಲಿ ಮೊದಲು ಚಾಲೂ ಮಾಡಬೇಕು. ಕೀಲಿ ನೆನಪಿಲ್ಲದಿದ್ದರೆ ವಿಂಡೋಸಿನಲ್ಲಿ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ಬರುವ ನೀಲಿ ಪರದೆಯಲ್ಲಿ ಬೇರೆ ಸಾಧನದಿಂದ ಬೂಟ್ ಆಗುವ ಆಯ್ಕೆ ಇರುತ್ತದೆ. ಬಯೋಸಿನೊಳಗೆ ಹೋಗಿ ಬೂಟ್ ಕ್ರಮವನ್ನು ಬದಲಿಸಬೇಡಿ. ಒಂದೇ ಸಲಕ್ಕೆ ಅನ್ವಯಿಸುವ ಮೆನು ಇರುವಾಗ ಅದರ ಅಗತ್ಯವಿಲ್ಲ. ಸಹಿ ಇರುವ ಬೂಟ್‌ಲೋಡರನ್ನು ಮಾತ್ರ ಒಳಗೆ ಬಿಡುವ ಸೆಕ್ಯೂರ್ ಬೂಟನ್ನೂ ಮುಟ್ಟಬೇಡಿ. ಮಿಂಟ್ ಮತ್ತು ಉಬುಂಟುಗಳ ಬೂಟ್‌ಲೋಡರಿಗೆ ಮೈಕ್ರೋಸಾಫ್ಟಿನ ಸಹಿ ಇರುವುದರಿಂದ ಅದು ಚಾಲೂ ಇದ್ದರೂ ನಡೆಯುತ್ತದೆ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಎನ್‌ಕ್ರಿಪ್ಶನ್ ಬೀಗ) ಇರುವ ಯಂತ್ರದಲ್ಲಿ ಈ ಸೆಟ್ಟಿಂಗುಗಳನ್ನು ಬದಲಿಸಿದರೆ ಮುಂದಿನ ಸಲ ವಿಂಡೋಸ್ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ತಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿದೆ ಎಂಬುದು ಅನೇಕ ಮಾಲೀಕರಿಗೆ ಗೊತ್ತೇ ಇರುವುದಿಲ್ಲ.

ಲಿನಕ್ಸಿನ ಫೈಲ್ ಮ್ಯಾನೇಜರಿನಲ್ಲಿ ಅವರ ಒಳಗಿನ ಡಿಸ್ಕ್ ಕಾಣುತ್ತದೆ, ಕ್ಲಿಕ್ ಮಾಡಬೇಡಿ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಚಾಲೂ ಇದ್ದರೆ ಶಟ್‌ಡೌನ್ ಎಂದರೂ ಅದು ನಿಜವಾಗಿ ಅರೆನಿದ್ದೆಯಲ್ಲಿರುತ್ತದೆ. ಆ ಸ್ಥಿತಿಯಲ್ಲಿ ಹೊರಗಿನಿಂದ ಏನಾದರೂ ಬರೆದರೆ ಕಡತಗಳು ಕೆಡಬಹುದು. ಕೊಡುವ ಕಡತವನ್ನು ನಿಮ್ಮದೇ ಡಿಸ್ಕಿನ ಎಕ್ಸ್‌ಫ್ಯಾಟ್ ಭಾಗಕ್ಕೆ ಹಾಕಿ, ಲಿನಕ್ಸ್ ಮುಚ್ಚಿ, ವಿಂಡೋಸಿನಲ್ಲಿ ತೆರೆದು ಕೊಡಿ. ಆಗ ವಿಂಡೋಸಿಗೆ ಎಕ್ಸ್‌ಟಿ4 ಭಾಗಗಳು ಅರ್ಥವಾಗದೆ, ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ ಎಂದು ಕೇಳುವ ಸಾಧ್ಯತೆ ಇದೆ. ನಾನು ಕೇಸಿನ ಮೇಲೆ ಕನ್ನಡ, ಮಲಯಾಳಂ ಎರಡರಲ್ಲೂ ‘ಫಾರ್ಮ್ಯಾಟ್ ಬೇಡ’ ಎಂದು ಚೀಟಿ ಅಂಟಿಸಿದ್ದೇನೆ, ಏಕೆಂದರೆ ಆ ಪ್ರಶ್ನೆ ಬಂದಾಗ ಕೀಲಿಮಣೆಯ ಮುಂದೆ ನಾನೇ ಇರುತ್ತೇನೆಂದು ಹೇಳಲಾಗದು.

ಬ್ಯಾಕಪ್ಪಿಗೆ ಎರಡು ಭಾಗ. ವ್ಯವಸ್ಥೆಗೆ ಟೈಮ್‌ಶಿಫ್ಟ್, ಅದನ್ನು ದೊಡ್ಡ ಅಪ್‌ಡೇಟಿನ ಮೊದಲು ಒಮ್ಮೆ ಓಡಿಸಿದರೆ ಸಾಕು. ಹೋಮ್ ಫೋಲ್ಡರಿಗೆ ಮಿಂಟಿನ ಬ್ಯಾಕಪ್ ಸಾಧನ. ಭಾನುವಾರ ಅಂಗಡಿ ಮುಚ್ಚಿದ ಮೇಲೆ ಅದರ ಪ್ರತಿಯನ್ನು ಮನೆಯಲ್ಲಿ ಕೂತಿರುವ ಆ ಹಳೆಯ ತಿರುಗುವ ಡಿಸ್ಕಿಗೆ ಹಾಕುತ್ತೇನೆ. ಆ ಪ್ರತಿಗೆ ಹೋಮಿನ ಎನ್‌ಕ್ರಿಪ್ಶನ್ ಇರುವುದಿಲ್ಲ, ಆದ್ದರಿಂದ ಆ ಡಿಸ್ಕ್ ಕಪಾಟಿನಿಂದ ಹೊರಗೆ ಹೋಗುವುದಿಲ್ಲ.